ಈಗ ಮಾತನಾಡಿ

ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಮಾತು ಬಾರದವನಿಗೆ ಜಗಳವಾಡುವ ಭಾಗ್ಯವೂ ಇಲ್ಲ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಹುಟ್ಟಾ ಉಗ್ಗ. ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ಯಂತ್ರದ ಸದ್ದು ಕೇಳಿದರೆ ಸಾಕು, ರೋಗ ಯಾವುದೆಂದು ಹೇಳಬಲ್ಲೆ. ಅಂದರೆ, ತಿಳಿಯಬಲ್ಲೆ. ಹೇಳುವುದು ನನ್ನ ಹೆಂಡತಿಯ ಕೆಲಸ.

ಮದುವೆಯಾದಾಗಿನಿಂದ ಅವಳೇ ನನ್ನ ಬಾಯಿ. ಗಿರಾಕಿಗಳ ಫೋನು, ಅಂಗಡಿಯವರ ಜೊತೆ ಚೌಕಾಸಿ, ಎಲ್ಲವೂ ಅವಳದೇ. ನಾನು ಒಂದಕ್ಷರ ಶುರು ಮಾಡಿದರೆ ಉಳಿದದ್ದನ್ನು ಅವಳೇ ಮುಗಿಸುತ್ತಾಳೆ. "ಕ... ಕ..." ಅಂದರೆ ಕತ್ತರಿ ತಂದು ಕೈಗಿಡುತ್ತಾಳೆ. ನನಗೆ ಬೇಕಾಗಿದ್ದದ್ದು ಕನ್ನಡಕ. ಇದಲ್ಲ ಅನ್ನಲು ಮತ್ತೆ ಒದ್ದಾಡುವವರು ಯಾರು? ಸುಮ್ಮನೆ ಕತ್ತರಿಯನ್ನೇ ಇಟ್ಟುಕೊಳ್ಳುತ್ತೇನೆ.

ಕಳೆದ ವರ್ಷ ಸಮವಸ್ತ್ರ ಹೊಲಿಯುವ ಕಾರ್ಖಾನೆಯವರಿಗೆ ಕಾಯಂ ಮೆಕ್ಯಾನಿಕ್ ಬೇಕಾಗಿದ್ದ. ಒಬ್ಬನೇ ಹೋದೆ. ಮಾಲೀಕರಾದ ಮೇಡಂ ಹೆಸರು ಕೇಳಿದರು. ಮೊದಲಕ್ಷರದಲ್ಲೇ ನಾಲಿಗೆ ಕೈಕೊಟ್ಟಿತು. ನಾನು ಎರಡನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬ ಅರಳು ಹುರಿದ ಹಾಗೆ ಮಾತಾಡಿ ಕೆಲಸ ಗಿಟ್ಟಿಸಿಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಬಾಯಿಬಡುಕನಿಗೆ ಸೂಜಿ ಯಾವ ಕಡೆ ಮುಖ ಮಾಡಿರಬೇಕೆಂಬುದೂ ಗೊತ್ತಿರಲಿಲ್ಲ. ವರ್ಷವಿಡೀ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.

ಕೊನೆಗೆ ಅವನನ್ನು ಕಳಿಸಿಬಿಟ್ಟರಂತೆ, ಈ ಸಲ ಮೇಡಂ ಬುದ್ಧಿ ಕಲಿತಿದ್ದರು. ಬೇಕಾದವರು ಬಂದು ಯಂತ್ರಗಳನ್ನು ನೋಡಿ ಹೋಗಿ, ಯಾವುದಕ್ಕೆ ಏನಾಗಿದೆ ಎಂದು ಸಂಜೆಯೊಳಗೆ ಇಮೇಲ್ ಮಾಡಿ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಬೆಳಿಗ್ಗೆ ಹೋಗಿ ನೋಡಿಕೊಂಡು ಬಂದೆ. ಯಂತ್ರಗಳ ರೋಗವೆಲ್ಲ ತಲೆಯಲ್ಲಿತ್ತು, ಫೋನು ಜೇಬಿನಲ್ಲಿತ್ತು. ಇಮೇಲ್ ಒಂದು ಇರಲಿಲ್ಲ.

ಮನೆಯ ಮುಂಭಾಗದಲ್ಲೇ ಇರುವ ನನ್ನ ರಿಪೇರಿ ಅಂಗಡಿಯ ಮೇಜಿನ ಮುಂದೆ ಕೂತೆ. ಬೆರಳಿಗೆ ಅಂಟಿದ ಎಣ್ಣೆಯಿಂದ ಪರದೆ ಮಬ್ಬಾಯಿತು. ಅಂಗಿಯ ತುದಿಯಲ್ಲಿ ಒರೆಸಿದೆ, ಇನ್ನಷ್ಟು ಮಬ್ಬಾಯಿತು.

"ರೀ, ಕೊಡಿ ಇಲ್ಲಿ, ನಾನ್ ಮಾಡ್ತೀನಿ," ಅಂದಳು ಹೆಂಡತಿ.

"ಬೇ... ಬೇ..."

"ಬೇಗ ಆಗ್ಬೇಕು ತಾನೆ? ಅದಕ್ಕೇ ಕೊಡಿ ಅನ್ನೋದು."

ಬೇಡ ಅನ್ನಲು ಹೊರಟಿದ್ದೆ. ಫೋನನ್ನು ಎದೆಗೆ ಒತ್ತಿಕೊಂಡೆ, ಆಗ ಅವಳಿಗೆ ಅರ್ಥವಾಯಿತು.

ಹೊಸ ಖಾತೆ ಎಂಬಲ್ಲಿ ಒತ್ತಿದೆ. ವಿಳಾಸ ಕೇಳಿತು. ನನ್ನ ಹೆಸರು ಬರೆದೆ. ಇದನ್ನು ಆಗಲೇ ಬೇರೊಬ್ಬರು ಬಳಸುತ್ತಿದ್ದಾರೆ, ಅಂದಿತು. ಅಲ್ಲಾ, ನನ್ನ ಹೆಸರು ಹೇಳಲು ನನಗೇ ಅರ್ಧ ದಿನ ಬೇಕು, ಅದನ್ನು ಯಾವನೋ ಪುಣ್ಯಾತ್ಮ ಕಬಳಿಸಿ ಕೂತಿದ್ದಾನೆ! ಹೆಸರಿನ ಹಿಂದೆ ರಿಪೇರಿ ಅಂತ ಸೇರಿಸಿದೆ. ಒಪ್ಪಿಕೊಂಡಿತು. ಪಾಸ್‌ವರ್ಡ್ ಕೊಟ್ಟರೆ ದುರ್ಬಲ ಅಂತ ಕೆಂಪಗಾಯಿತು. ಯಂತ್ರದ ನಂಬರು, ಹೆಂಡತಿಯ ಮುದ್ದಿನ ಹೆಸರು ಎರಡನ್ನೂ ಕಲಸಿ ಹಾಕಿದೆ. ಪ್ರಬಲ, ಅಂದಿತು. ಅವಳ ಹೆಸರು ಸೇರಿದ ಮೇಲೆ ಇನ್ನೇನಾಗುತ್ತದೆ!

ಫೋನಿಗೆ ಬಂದ ಅಂಕಿಗಳನ್ನು ತುಂಬಿದ್ದೇ ತಡ, ಖಾತೆ ತೆರೆಯಿತು. ಖಾಲಿ, ಬೆಳ್ಳಗಿನ ಹಾಳೆ.

"ಟೈಪ್ ಮಾಡ್ತಾ ಕೂತ್ರೆ ಕತ್ತಲಾಗತ್ತೆ ಕಣ್ರೀ. ಇಲ್ಲಿ ಮೈಕ್ ಇದೆ ನೋಡಿ, ಹೇಳಿದ್ರೆ ಅದೇ ಬರ್ಕೊಳ್ಳತ್ತೆ," ಎಂದು ಅವಳು ಒತ್ತಿಯೇಬಿಟ್ಟಳು.

ಪರದೆಯ ಮೇಲೆ ಮೂಡಿತು: ಈಗ ಮಾತನಾಡಿ.

ಥೂ! ಬದುಕಿನುದ್ದಕ್ಕೂ ಎಲ್ಲರೂ ಹೇಳಿದ್ದು ಇದನ್ನೇ. ಮೇಷ್ಟ್ರು ಹೇಳಿದರು, ಮಾವ ಹೇಳಿದರು, ಈಗ ಈ ಅಂಗೈಯಗಲದ ಗಾಜೂ ಹೇಳಬೇಕೆ? ಸಿಟ್ಟು ನೆತ್ತಿಗೇರಿತು. ಮೈಕ್ ಆರಿಸಿ, ಒಂದೇ ಬೆರಳಿನಲ್ಲಿ ಶುರು ಮಾಡಿದೆ.

ಬರೆಯುತ್ತ ಹೋದಂತೆ ನನಗೇ ಆಶ್ಚರ್ಯ. ಯಾವ ಅಕ್ಷರವೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಕಿಟಕಿ ಪಕ್ಕದ ಯಂತ್ರ ಹೊಲಿಗೆ ಬಿಡುವುದು ದಾರದ ತಪ್ಪಲ್ಲ, ಸೂಜಿಯನ್ನು ತಿರುಗುಮುರುಗು ಹಾಕಿದ್ದಾರೆ ಎಂದು ಬರೆದೆ. ಮೂಲೆಯಲ್ಲಿ ಗಡಗಡ ಅನ್ನುವುದಕ್ಕೆ ಮೋಟಾರು ಬದಲಿಸಬೇಕಿಲ್ಲ, ಬೆಲ್ಟ್ ಬಿಗಿ ಮಾಡಿದರೆ ಸಾಕು ಎಂದೂ ಬರೆದೆ. ನಡುವೆ ಒಂದು ತಮಾಷೆಯನ್ನೂ ಸೇರಿಸಿದೆ. ಹೆಂಡತಿ ಭುಜದ ಮೇಲಿಂದ ಓದುತ್ತ, "ಅಯ್ಯೋ, ನಿಮಗೆ ಇಷ್ಟೆಲ್ಲ ಮಾತು ಬರತ್ತೇನ್ರೀ!" ಅಂದಳು. ಬೆಳಕಿರುವಾಗಲೇ ಕಳಿಸಿದೆ.

ದೀಪ ಹಾಕುವ ಹೊತ್ತಿಗೆ ಫೋನು ಟಿಣ್ ಎಂದಿತು. ಮೇಡಂ ಬರೆದಿದ್ದರು: "ನೀವು ಹೇಳಿದ ಹಾಗೆ ಸೂಜಿ ತಿರುಗಿಸಿ ಹಾಕಿಸಿದೆ. ಹೊಲಿಗೆ ಸರಿಯಾಗಿ ಬರುತ್ತಿದೆ. ಕೆಲಸದ ಬಗ್ಗೆ ಮಾತಾಡಬೇಕು. ಕೂಡಲೇ ಫೋನ್ ಮಾಡಿ."

ಫೋನಂತೆ! ಮತ್ತೆ ಅದೇ ಹೆಸರು, ಅದೇ ಮೊದಲಕ್ಷರ. ಹೆಂಡತಿ ಆಗಲೇ ತನ್ನ ಫೋನು ಎತ್ತಿಕೊಂಡು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಪಾಪ, ನನಗಾಗಿ ಎಷ್ಟು ಸಲ ಹೀಗೆ ಗಂಟಲು ಸರಿಮಾಡಿಕೊಂಡಿದ್ದಾಳೋ! ನಾನು ಅವಳ ಕೈ ಹಿಡಿದು ನಿಲ್ಲಿಸಿ, ಇನ್ನೊಂದು ಕೈಯಲ್ಲಿ ಬರೆದೆ:

"ಮೇಡಂ, ಕಳೆದ ವರ್ಷ ಹೆಸರು ಹೇಳಲಾಗದೆ ವಾಪಸು ಹೋದವನು ನಾನೇ. ನನ್ನ ನಾಲಿಗೆ ಉಗ್ಗುತ್ತದೆ, ಕೈ ಉಗ್ಗುವುದಿಲ್ಲ. ಕೇಳುವುದನ್ನು ದಯವಿಟ್ಟು ಬರೆದು ಕೇಳಿ."

ಕಳಿಸಿದೆ. ಇಬ್ಬರೂ ಫೋನನ್ನೇ ನೋಡುತ್ತ ಕೂತೆವು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋದ ವಾಸನೆ ಒಳಗಿನಿಂದ ಬಂತು, ಅವಳು ಏಳಲಿಲ್ಲ.

ಟಿಣ್.

"ಕ್ಷಮಿಸಿ. ಆಗಲೇ ಬರೆದುಕೊಡಿ ಅನ್ನಬೇಕಿತ್ತು ನಾನು. ಎಲ್ಲ ಯಂತ್ರಗಳೂ ಇನ್ನು ನಿಮ್ಮ ಸುಪರ್ದಿಗೆ. ನಾಳೆ ಬೆಳಿಗ್ಗೆ ಬನ್ನಿ. ಬಾಗಿಲಲ್ಲಿ ಯಾರೂ ಹೆಸರು ಕೇಳುವುದಿಲ್ಲ, ಹೇಳಿಟ್ಟಿದ್ದೇನೆ."

ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತೆ. ಹೆಂಡತಿ ಓದಿ ಮುಗಿಸುವ ಮೊದಲೇ ಫೋನೂ ನನ್ನ ಜೊತೆ ಮೇಲೆದ್ದಿತ್ತು. "ಏನಂತೆ? ಏನಂತೆ ರೀ?"

"ಸಿ..." ಅಂದೆ. "ಸಿ... ಸಿ..."

ಅವಳ ತುಟಿ ಅಭ್ಯಾಸಬಲದಿಂದ ತೆರೆಯಿತು. ನನ್ನ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟು ಕಾದಳು.

"ಸಿ... ಸಿಕ್ಕಿತು ಕ... ಕಣೆ!" ಎಂದು ನಾನೇ ಮುಗಿಸಿದೆ. ಬೀದಿಗೆಲ್ಲ ಕೇಳಿಸಿರಬೇಕು.