ಬ ಅಂದರೆ ಯಾವ ಕೈ?

ಬಳಿಚಕ್ರ ಹಳ್ಳಿಯ ರೇಣಮ್ಮನನ್ನು ಅವಳು ಸಾಕಿದ ತಗರೇ ಹಿಂದಿನಿಂದ ಗುದ್ದಿ ಕೆಡವಿತೆಂಬ ಸುದ್ದಿ ಯಾದಗಿರಿಗೆ ಬಂದಾಗ ಬಸವಂತ್ರಾಯನಿಗೆ ಒಳಗೊಳಗೇ ಖುಷಿಯಾಯಿತು. ಮರುಗಳಿಗೆಗೆ ಆ ಖುಷಿಗೆ ತಾನೇ ನಾಚಿ, ಗಲ್ಲ ಬಡಿದುಕೊಂಡು, ದೇವರಲ್ಲಿ ತಪ್ಪೊಪ್ಪಿಕೊಂಡ.

ರೇಣಮ್ಮ ಅವನ ಸೋದರತ್ತೆ. ಅವಳ ಮಗಳು ಕರೆಮ್ಮನನ್ನು ಲಗ್ನವಾಗಬೇಕೆಂಬುದು ಅವನ ಆಸೆ. ಹಿರಿಯರ ಮೂಲಕ ಕೇಳಿಸಿದ್ದೂ ಆಗಿತ್ತು. ಅತ್ತೆ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. "ಕತ್ತಲ ಖೋಲ್ಯಾಗ ಕುಂತು ಮಂದಿ ಎಲುಬಿನ ಫೋಟೋ ತೆಗಿಯೋದೂ ಒಂದು ದಂಧೆ ಏನು? ನಮ್ಮೂರ ಮಲ್ಕಪ್ಪನ ಮಗನ್ನ ನೋಡು. ಬೆರಳಿಲೆ ಮುಟ್ಟಿ ಎಲುಬು ಕಟ್ತಾನ" ಎಂದಿದ್ದಳಂತೆ. ಈಗ ಅದೇ ಅತ್ತೆ ಎರಡೂ ಮಣಿಕಟ್ಟು ಬಾತುಕೊಂಡು, ಅವನು ಕೆಲಸ ಮಾಡುವ ಡಾಕ್ಟರ್ ಅಬ್ದುಲ್ ಕರೀಮರ ಎಕ್ಸ್‌ರೇ ದವಾಖಾನೆಗೇ ಗಾಡಿ ಹೂಡಿಸಿದ್ದಳು.

ಯಾದಗಿರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ವರ್ಷವಾಗಿತ್ತು. ಕಚೇರಿಯ ಬೋರ್ಡುಗಳೆಲ್ಲ ಉರ್ದು ಕಳಚಿ ಕನ್ನಡ ತೊಡುತ್ತಿದ್ದವು. ಶಹಾಪುರದಲ್ಲಿ ಹುಟ್ಟಿದ ಡಾಕ್ಟರರಿಗೆ ಕನ್ನಡ ಮಾತಾಡಲು ಯಾವ ತೊಡಕೂ ಇರಲಿಲ್ಲ. ಓದಲು ಮಾತ್ರ ಬರುತ್ತಿರಲಿಲ್ಲ. ಹೀಗಾಗಿ ಪ್ರತಿ ಗುರುವಾರ ಮಧ್ಯಾಹ್ನ ದವಾಖಾನೆಯಲ್ಲಿ ಇಬ್ಬರಿಗೂ ಪಾಠ. ಡಾಕ್ಟರರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಸವಂತ್ರಾಯನಿಗೆ ಎಲುಬು ಕಲಿಸುವರು. ಬಸವಂತ್ರಾಯ ಅವರಿಗೆ ಕನ್ನಡ ಅಕ್ಷರ ಕಲಿಸುವನು. ಸುರಪುರದ ಅಜ್ಜಿಯ ಮಗ್ಗುಲಲ್ಲಿ ಪುರಾಣ ಕೇಳುತ್ತ ಬೆಳೆದ ಅವನಿಗೆ ರಾಗ ಹಚ್ಚದೆ ಏನೂ ತಲೆಗೆ ಹತ್ತುತ್ತಿರಲಿಲ್ಲ. ಮಣಿಕಟ್ಟಿನ ಚಿಕ್ಕಚಿಕ್ಕ ಎಲುಬುಗಳನ್ನೆಲ್ಲ ಭಜನೆಯ ಧಾಟಿಯಲ್ಲಿ ಹಾಡಿಕೊಳ್ಳುತ್ತಿದ್ದ. ಮೊದಮೊದಲು ಗದರುತ್ತಿದ್ದ ಡಾಕ್ಟರರು ಈಗೀಗ ಮೇಜಿನ ಮೇಲೆ ತಾಳ ಹಾಕುತ್ತಿದ್ದರು.

ಮೊನ್ನೆ ಕಲಬುರ್ಗಿಯಲ್ಲಿ ಎಕ್ಸ್‌ರೇ ಕೆಲಸದವರಿಗೆಂದು ನಡೆದ ತರಬೇತಿಗೆ ಡಾಕ್ಟರರು ಅವನನ್ನು ಕಳಿಸಿದ್ದರು. ಬರುವಾಗ ಅವನು ಸೀಸದ ಎರಡು ಪುಟ್ಟ ಅಕ್ಷರ ಮಾಡಿಸಿ ತಂದಿದ್ದ: ಒಂದು 'ಬ', ಒಂದು 'ಎ'. ಫಿಲ್ಮಿನ ಮೂಲೆಗೆ ಅಕ್ಷರ ಇಟ್ಟರೆ ಚಿತ್ರದ ಜೊತೆ ಅದೂ ಬೆಳ್ಳಗೆ ಮೂಡಿ, ಎಲುಬು ಯಾವ ಬದಿಯದೆಂದು ಹೇಳುತ್ತದೆ. ಅಲ್ಲಿಯವರೆಗೆ ಬಳಸುತ್ತಿದ್ದ ಉರ್ದು ಅಕ್ಷರಗಳು ಡಬ್ಬಿ ಸೇರಿದವು.

"ಇನ್ನ ಮ್ಯಾಲೆ ನಮ್ಮ ಎಲುಬೂ ಕನ್ನಡ ಮಾತಾಡ್ತಾವ್ರಿ ಸಾಹೇಬ್ರ!"

"ಬಹುತ್ ಖೂಬ್! ಈ ಎರಡೂ ಅಕ್ಷರ ನಂಗ ಬರ್ತಾವ" ಎಂದು ಡಾಕ್ಟರರು ಬೆನ್ನು ತಟ್ಟಿದರು. ಅಲ್ಲಿಗೆ ಮಾತು ಮುಗಿಯಿತು. ಮುಗಿಯಬಾರದಿತ್ತು.

ರೇಣಮ್ಮ ಬಂದಳು. ಯಂತ್ರ ನೋಡಿ ಕಣ್ಣು ಮುಚ್ಚಿದಳು.

"ಅತ್ತಿ, ಅಲ್ಲಾಡಬ್ಯಾಡ. ನೋವಾಗಂಗಿಲ್ಲ."

"ನೋವು ತಗರ ಮೊದಲ ಕೊಟ್ಟದ. ಏ ಅಳಿಯಾ, ಕೇಳಿಲ್ಲಿ. ನನ್ನ ಕೈಯಾಗ ಏನಾಗ್ಯದ ಅಂತ ನಿನ್ನ ಫೋಟೋ ಖರೆ ಹೇಳ್ತಂದ್ರ ಕರೆಮ್ಮ ನಿನ್ನಾಕಿ. ಸುಳ್ಳಾತಂದ್ರ ಮಲ್ಕಪ್ಪನ ಮಗನಾಕಿ."

ಬಸವಂತ್ರಾಯ ಒಂದೊಂದು ಕೈಗೆ ಒಂದೊಂದು ಫಿಲ್ಮು ಹಿಡಿದು, ಅಕ್ಷರವನ್ನು ದೇವರಿಗೆ ಹೂ ಇಟ್ಟಂತೆ ಇಟ್ಟ. ತೊಳೆದ ಫಿಲ್ಮಿನಲ್ಲಿ, 'ಬ' ಎಂದಿದ್ದ ಕೈಯ ಎಲುಬಿನ ಮೇಲೆ ಕೂದಲೆಳೆಯಂಥ ಬಿರುಕು ಚೆನ್ನಾಗಿ ಕಾಣುತ್ತಿತ್ತು. ಒದ್ದೆ ಫಿಲ್ಮುಗಳನ್ನು ಡಾಕ್ಟರರಿಗೆ ಕೊಟ್ಟು, ಕಡೇಚೂರಿನಿಂದ ಬಂದವರ ಕಾಲಿನ ಫಿಲ್ಮು ತೊಳೆಯಲು ಮತ್ತೆ ಕತ್ತಲ ಕೋಣೆ ಹೊಕ್ಕ. ಹೊರಗೆ ಬರುವುದರೊಳಗೆ ಅತ್ತೆಯ ಗಾಡಿ ಹೋಗಿಯಾಗಿತ್ತು.

"ಒಂದು ಕೈಗೆ ಪ್ಲಾಸ್ಟರ್ ಹಾಕ್ಯೇನಿ. ಇನ್ನೊಂದು ಬರೇ ಉಳುಕು" ಎಂದರು ಡಾಕ್ಟರರು.

ಆ ವಾರವೆಲ್ಲ ಬಸವಂತ್ರಾಯ ಎಲುಬಿನ ಹಾಡಿಗೆ ಲಗ್ನದ ಧಾಟಿ ಹಚ್ಚಿದ್ದ.

ಮುಂದಿನ ಗುರುವಾರ ಪಾಠ ನಡೆದಿದ್ದಾಗ ಬಾಗಿಲಲ್ಲಿ ಅತ್ತೆಯ ದನಿ ಕೇಳಿಸಿತು.

"ನಿನ್ನ ಫೋಟೋದ ಬಾಯಾಗ ಮಣ್ಣ ಹಾಕ!"

ತಿರುಗಿ ನೋಡಿದರೆ ಅವಳ ಎಡಗೈಗೆ ಪ್ಲಾಸ್ಟರು. ಬಲಗೈ ಬಾತು ಕುಂಬಳಕಾಯಿಯಾಗಿತ್ತು.

"ಗಚ್ಚು ಹಾಕಿದ ಕೈ ಆರಾಮ ಅದ. ಚಲೋ ಅದ ಅಂದ ಕೈಲೆ ರೊಟ್ಟಿ ಬಡದೆ, ಚುಕ್ಕಿ ಕಂಡವು. ಮಲ್ಕಪ್ಪನ ಮಗನ ಕಡಿ ಹೋದೆ. ಅವ ಗಚ್ಚು ನೋಡಿದ. ಮುರದದ್ದು ಅದು, ಇದು ಬರೇ ನರ ಅಂದ. ಅಂದು ಜಗ್ಗಿದ ನೋಡು! ನಾ ಕೂಗಿದ್ದಕ್ಕ ನಮ್ಮ ತಗರ ಹಗ್ಗ ಹರಕೊಂಡು ಓಡಿತು."

"ಸಾಹೇಬ್ರ, ಎಡಗೈಗೆ ಯಾಕ ಹಾಕಿದ್ರಿ?"

"ಯಾಕಂದ್ರ? ನೀನ ಬರದಿಯಲ್ಲ!" ಡಾಕ್ಟರರು ಫಿಲ್ಮು ತಂದು ಕಿಟಕಿಗೆ ಹಿಡಿದರು. "ನೋಡು, ಏನದ ಇಲ್ಲಿ?"

"ಬ. ಬಲಗೈ!"

"ಬ ಅಂದ್ರ ಬಾಯಾಂ! ಎಡಗೈ! ಇಷ್ಟು ವರ್ಷ ಉರ್ದುದಾಗ ಬೇ ಅನ್ನೋ ಅಕ್ಷರ ಇಟ್ಟು ಎಡಗೈ ನೋಡೇನಿ. ನೀ ಬೇ ತಗದು ಬ ಇಟ್ಟಿ. ಅಕ್ಷರ ಬದಲಾತು, ಕೈ ಅದೇ ಅಂತ ತಿಳದೆ. ಮ್ಯಾಲೆ ಎಡಗೈನ ಹೆಚ್ಚು ಬಾತಿತ್ತು!"

"ಹಂಗಾದ್ರ 'ಎ' ಅಂದ್ರ ಏನಂತ ತಿಳದ್ರಿ?"

ಡಾಕ್ಟರರ ದನಿ ಇಳಿಯಿತು. "ಎರಡನೇದು ಅಂತ."

ಡಾಕ್ಟರರು ಕನ್ನಡಕ ತೆಗೆದು, ರೇಣಮ್ಮನ ಮುಂದೆ ಕೈ ಜೋಡಿಸಿದರು. "ಅವ್ವಾ, ತಪ್ಪು ನಂದು. ಕೇಳಬೇಕಿತ್ತು, ಕೇಳಲಿಲ್ಲ."

"ನಂದೂ ಅದ ಅತ್ತಿ" ಎಂದ ಬಸವಂತ್ರಾಯ. "ಹೇಳಬೇಕಿತ್ತು, ಹೇಳಲಿಲ್ಲ." ಕರೆಮ್ಮ ಮಲ್ಕಪ್ಪನ ಮನೆಯ ಹೊಸ್ತಿಲು ದಾಟುವುದು ಅವನಿಗೆ ಕಿಟಕಿಯ ಬೆಳಕಿನಲ್ಲೇ ಕಾಣುತ್ತಿತ್ತು.

ರೇಣಮ್ಮ ಇಬ್ಬರನ್ನೂ ನೋಡಿದಳು. "ಇಬ್ಬರೂ ಭಾರಿ ಶ್ಯಾಣ್ಯಾರು. ಬಲ ಎಡ ಯಾಕ ಬೇಕ್ರಿ? ಉಣ್ಣೋ ಕೈ ಅಂತ ಬರೀರಿ. ಅದು ಯಾವ ರಾಜ್ಯ ಬಂದ್ರೂ ಬದಲಾಗಂಗಿಲ್ಲ."

"ವಾಹ್! 'ಉ' ಮಾಡಸು ಬೇಟಾ!" ಎಂದು ಡಾಕ್ಟರರು ಮೇಜು ಬಡಿದರು.

"ಕಾಲು ಮುರಕೊಂಡವರು ಬಂದ್ರ?"

"ಉಣ್ಣೋ ಕೈ ಕಡಿ ಕಾಲು" ಎಂದಳು ಅತ್ತೆ.

"ಎಡಚರು ಬಂದ್ರ ಅತ್ತಿ?"

"ಅವರನ್ನ ಮಲ್ಕಪ್ಪನ ಮಗನ ಕಡಿ ಕಳಸು."

ಎಡಗೈಯ ಪ್ಲಾಸ್ಟರು ಒಡೆದು, ಬಲಗೈಗೆ ಹೊಸದು ಹಾಕಿದ್ದಾಯಿತು. ಈ ಸಲ ಬಸವಂತ್ರಾಯ ಪಕ್ಕದಲ್ಲೇ ನಿಂತಿದ್ದ. ಡಾಕ್ಟರರು ಒಳಗೆ ಕೈ ತೊಳೆಯಲು ಹೋದಾಗ ಅವನು ಮೆಲ್ಲಗೆ ಬಾಯಿ ಬಿಟ್ಟ.

"ಅತ್ತಿ, ಆ ಮಾತು..."

"ಯಾವ ಮಾತು? ಮಲ್ಕಪ್ಪನ ಮಗ ಮುಟ್ಟಿ ಸುಳ್ಳ ಹೇಳಿದ. ನಿಮ್ಮ ಸಾಹೇಬ್ರು ಓದಿ ಸುಳ್ಳ ಹೇಳಿದ್ರು. ಖರೆ ಹೇಳಿದ್ದು ನಿನ್ನ ಫೋಟೋ ಒಂದ." ರೇಣಮ್ಮ ಸೆರಗು ಸರಿಪಡಿಸಿಕೊಳ್ಳಲು ಹೋಗಿ, ಪ್ಲಾಸ್ಟರು ಗಲ್ಲಕ್ಕೆ ತಾಗಿ, ಮುಖ ಸಿಂಡರಿಸಿದಳು. "ಆದ್ರೂ ಒಂದು ಕೇಳ್ತೀನಿ, ನೆಟ್ಟಗ ಹೇಳು. ಹೆಂಡತಿ ಗಂಡನ ಯಾವ ಬದಿಗೆ ಕೂಡ್ತಾಳ?"

ಬಸವಂತ್ರಾಯ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡ. ಉಣ್ಣುವ ಕೈ ಯಾವುದೆಂದು ಮನಸ್ಸಿನಲ್ಲೇ ಒಂದು ತುತ್ತು ಉಂಡು ಖಾತ್ರಿ ಮಾಡಿಕೊಂಡ.

"ಎಡಕ್ಕ, ಅತ್ತಿ."

ಒಳಗಿನಿಂದ ಡಾಕ್ಟರರ ದನಿ ಬಂತು: "ಶಾಭಾಸ್! ಅದೇ ಬ!"

ರೇಣಮ್ಮ ನಕ್ಕಳು. ಕೈ ನೋಯುವಷ್ಟು ನಕ್ಕಳು. "ಲಗ್ನಕ್ಕ ನಿಮ್ಮ ಸಾಹೇಬ್ರನ್ನ ತಪ್ಪದ ಕರಿ" ಎಂದು ಗಾಡಿ ಹತ್ತಿದಳು. "ಆದ್ರ ಹುಡುಗಿ ಕುಂದ್ರಸೋ ಕೆಲಸ ಮಾತ್ರ ಅವರಿಗೆ ಹಚ್ಚಬ್ಯಾಡ."