ಸಾವಿತ್ರೆವ್ವನ ಕಳ್ಳಕುಬಸ

ಶಂಕರೆಪ್ಪನಿಗೆ ಮುನವಳ್ಳಿ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ. ಗೋವಿನಜೋಳಕ್ಕೆ ಹುಳ ಬಿದ್ದರೆ ಆ ಹುಳದ ಹುಟ್ಟು, ಸಾವು, ಸಂಸಾರವನ್ನೆಲ್ಲ ಬಿಡಿಸಿ ಹೇಳುವ ಮನುಷ್ಯ. ಆದರೆ ಹೆಂಡತಿಯ ಮುಟ್ಟಿನ ಮಾತು ಬಂದರೆ ಬಾಯಿಗೆ ಬೀಗ. ಮುಂದಿನ ಫಜೀತಿಯೆಲ್ಲ ಹುಟ್ಟಿದ್ದು ಈ ಬೀಗದಿಂದಲೇ.

ಹೆಂಡತಿ ಸಾವಿತ್ರೆವ್ವನಿಗೆ ನಲವತ್ತೆರಡು. ಎರಡು ವರ್ಷದಿಂದ ತಿಂಗಳ ಮುಟ್ಟು ಎಂದರೆ ಒಡ್ಡು ಒಡೆದ ಹಳ್ಳ. ಪ್ಯಾಡಿನ ಮೇಲೆ ಹಳೇ ಧೋತರದ ಅರಿವೆ ಮಡಚಿ ಇಟ್ಟರೂ ತಡೆಯದು. ಮದುವೆ ಮನೆಯಲ್ಲಿ ಕುರ್ಚಿ ಕೊಟ್ಟರೆ 'ಕುಂತು ಕುಂತು ಬ್ಯಾಸರಾಗೇತ್ರಿ' ಎಂದು ನಿಂತೇ ಇರುವಳು. ಬಸ್ಸಿನಿಂದ ಇಳಿಯುವ ಮೊದಲು ಸೀಟನ್ನೊಮ್ಮೆ ತಿರುಗಿ ನೋಡುವಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅದರ ಜೊತೆಗೆ ಹಸಿ ಅಕ್ಕಿ ತಿನ್ನುವ ಚಟ ಬೇರೆ ಅಂಟಿಕೊಂಡಿತ್ತು. ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಬಾಯಿಗೊಂದು ಮುಕ್ಕು. ಹೊಟ್ಟೆಯೂ ಮುಂದೆ ಬಂದಿತ್ತು. ಸುರೇಬಾನದ ತವರಿಗೆ ಮಾತ್ರ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ವಯಸ್ಸಾದ ತಾಯಿಗೆ ಯಾಕೆ ಚಿಂತೆ ಎಂದು.

ಕೊನೆಗೆ ಪಕ್ಕದ ಮನೆಯ ಶಾಂತಾಬಾಯಿ, ಕನ್ನಡ ಸಾಲಿಯಲ್ಲಿ ಅಕ್ಕೋರಾಗಿ ರಿಟೈರಾದವರು, ಗಂಡಹೆಂಡತಿ ಇಬ್ಬರನ್ನೂ ಗದರಿಸಿ ಬೈಲಹೊಂಗಲದ ಡಾಕ್ಟರ್ ಬಾಯಿಯ ಹತ್ತಿರ ಕಳಿಸಿದರು.

ಡಾಕ್ಟರ್ ಸ್ಕ್ಯಾನಿಂಗ್ ಮಾಡಿ ಹೇಳಿದರು: "ಗರ್ಭಚೀಲದಾಗ ಗಡ್ಡಿ ಬೆಳದಾವ. ಫೈಬ್ರಾಯ್ಡ್ ಅಂತೀವಿ. ಕ್ಯಾನ್ಸರ್ ಅಲ್ಲ, ಅಂಜಬ್ಯಾಡ್ರಿ. ಚೀಲ ಮಾತ್ರ ಐದು ತಿಂಗಳ ಬಸುರಿನಷ್ಟು ದೊಡ್ಡದಾಗೇತಿ."

ಹಸಿ ಅಕ್ಕಿ ಬೇಕೆನಿಸುವುದು ಮೈಯಲ್ಲಿ ರಕ್ತ ಕಡಿಮೆಯಾದುದರ ಗುರುತಂತೆ. ಮೊದಲು ಕಬ್ಬಿಣದ ಇಂಜೆಕ್ಷನ್ ಕೊಟ್ಟು ರಕ್ತ ಏರಿಸಬೇಕು. ಆಮೇಲೆ ದಾರಿಗಳಿವೆ. ಗುಳಿಗೆ ತಗೊಂಡರೆ ಹರಿಯುವುದು ಕಡಿಮೆಯಾಗಬಹುದು, ಗಡ್ಡೆ ಹೋಗುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ತೊಡೆಯ ರಕ್ತನಾಳದೊಳಗೆ ಸಣ್ಣ ನಳಿಗೆ ಬಿಟ್ಟು ಗಡ್ಡೆಗೆ ಹೋಗುವ ರಕ್ತವನ್ನೇ ಬಂದ್ ಮಾಡುತ್ತಾರೆ. ಇಲ್ಲವಾದರೆ ಆಪರೇಷನ್: ಗಡ್ಡೆಗಳನ್ನಷ್ಟೇ ತೆಗೆದರೆ ಚೀಲ ಉಳಿಯುತ್ತದೆ, ಆದರೆ ಗಡ್ಡೆ ಮತ್ತೆ ಬಂದರೂ ಬರಬಹುದು; ಚೀಲವನ್ನೇ ತೆಗೆದರೆ ಮುಟ್ಟೂ ಇಲ್ಲ, ಈ ಗಡ್ಡೆಯ ಕಾಟವೂ ಇಲ್ಲ. "ಯಾವುದು ಬೇಕಂತ ವಿಚಾರ ಮಾಡಿ ಹೇಳ್ರಿ" ಎಂದು ಡಾಕ್ಟರ್ ನೋಡಿದ್ದು ಸಾವಿತ್ರೆವ್ವನನ್ನು. ಉತ್ತರ ಬಂದದ್ದು ಶಂಕರೆಪ್ಪನಿಂದ.

"ತಗದಬಿಡ್ರಿ ಮೇಡಂ. ನಮ್ಮ ಅಕ್ಕಂದೂ ತಗಿಸೇವಿ, ಆರಾಮ ಅದಾಳ."

ಸಾವಿತ್ರೆವ್ವನಿಗೆ ಚೀಲ ಉಳಿಸಿಕೊಳ್ಳಬೇಕು ಎನಿಸಿತ್ತು. ಯಾಕೆ ಎಂದರೆ ಹೇಳಲು ಕಾರಣವಿರಲಿಲ್ಲ. ಇನ್ನೊಂದು ಕೂಸಂತೂ ಬೇಡ, ಮಗಳು ಮಧುಗೆ ವರ ನೋಡುವ ಹೊತ್ತು. ಕಾರಣವಿಲ್ಲದ ಮಾತನ್ನು ದೊಡ್ಡ ಡಾಕ್ಟರ ಮುಂದೆ ಆಡುವುದು ಹೇಗೆ ಎಂದು ನುಂಗಿಕೊಂಡಳು. ಊರು ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ. ಗಂಡನ ಮೇಲೆ ಸ್ವಲ್ಪ, ತನ್ನ ಮೇಲೆ ಬಹಳ.

ಮರುದಿನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ ಸುರೇಬಾನದಿಂದ ಅವಳ ತಮ್ಮ ಕಲ್ಮೇಶನ ಫೋನು. "ಅಕ್ಕ ಆಸ್ಪತ್ರಿಗೆ ಹೋಗಿದ್ಲಂತಲ್ರಿ ಮಾವಾರ, ನಮ್ಮೂರವರು ಯಾರೋ ನೋಡ್ಯಾರ. ಏನಾಗೇತಿ?"

ಅಷ್ಟು ಗಂಡಸರ ಮುಂದೆ ಮುಟ್ಟು, ಗಡ್ಡೆ ಎನ್ನುವುದೇ? ಶಂಕರೆಪ್ಪ ಬೆವತುಹೋದ. "ಏನಿಲ್ಲಪಾ... ಹೊಟ್ಟಿ... ಐದು ತಿಂಗಳದಷ್ಟು ಐತಿ ಅಂದಾರ. ಚಿಂತಿ ಮಾಡಬ್ಯಾಡ್ರಿ" ಎಂದು ಫೋನು ಇಟ್ಟುಬಿಟ್ಟ.

ಕಲ್ಮೇಶನ ಹೆಂಡತಿ ರಾಣಿ ಬಲು ಚುರುಕು. ಪಂಚಮಿಗೆ ತವರಿಗೆ ಬಂದಿದ್ದ ಗಂಡನ ಅಕ್ಕ ಹಸಿ ಅಕ್ಕಿ ಮುಕ್ಕುವುದನ್ನು ಕಂಡಿದ್ದಳು, ಹೊಟ್ಟೆಯನ್ನೂ ಕಣ್ಣಲ್ಲೇ ಅಳೆದಿದ್ದಳು. ಈಗ ಒಂದಕ್ಕೊಂದು ಕೂಡಿಸಿ ಅತ್ತೆ ಬಾಳವ್ವನ ಕಿವಿಯಲ್ಲಿ ಹೇಳಿದಳು. ಮುದುಕಿಗೆ ಸಂತೋಷಕ್ಕೆ ಊಟ ಸೇರಲಿಲ್ಲ. ಮೊಮ್ಮಗಳ ಮದುವೆಯ ಹೊತ್ತಿಗೆ ಮಗಳು ಬಾಣಂತಿ! ಆಗಲಿ, ಊರು ನಕ್ಕರೆ ನಗಲಿ.

ಐದು ತಿಂಗಳಾದಾಗ ತವರಿನವರು ಸದ್ದಿಲ್ಲದೆ ಬಂದು, ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿ, ಹೊಟ್ಟೆ ತುಂಬ ಉಣ್ಣಿಸಿ ಹೋಗುವುದಕ್ಕೆ ಕಳ್ಳಕುಬಸ ಎನ್ನುತ್ತಾರೆ. ಮೊದಲೇ ಹೇಳುವಂತಿಲ್ಲ, ಹೇಳಿ ಬಂದರೆ ಅದು ಕಳ್ಳಕುಬಸ ಹೇಗಾದೀತು? ಒಂದು ಫೋನು ಮಾಡಿ ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಪದ್ಧತಿ ಬಿಡಬೇಕಲ್ಲ!

ಸೋಮವಾರ ಬೆಳಿಗ್ಗೆ ಮನೆ ಮುಂದೆ ಟಂಟಂ ಬಂದು ನಿಂತಿತು. ಬಾಳವ್ವ ಇಳಿದಳು, ರಾಣಿ ಇಳಿದಳು, ಹಿಂದೆಯೇ ಬುತ್ತಿಯ ಬುಟ್ಟಿಗಳು: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕರ್ಚಿಕಾಯಿ, ಶೇಂಗಾ ಹೋಳಿಗೆ, ಮೊಸರು ಬುತ್ತಿ. ಏನು, ಯಾಕೆ ಎಂದು ಕೇಳುವುದರೊಳಗೆ ಸಾವಿತ್ರೆವ್ವನ ಮೈಮೇಲೆ ಹಸಿರು ಸೀರೆ, ಎಡಗೈಯಲ್ಲಿ ಹಸಿರು ಬಳೆ. ಗದ್ದಲ ಕೇಳಿ ಶಾಂತಾಬಾಯಿಯೂ ಬಂದರು.

"ಏನವಾ ಇದು?"

"ಬಟ್ಟಿ ಮುಚ್ಚಿದ್ರ ಹೊಟ್ಟಿ ಮುಚ್ಚತೈತೇನ?" ಎಂದಳು ಬಾಳವ್ವ. "ನಾಚಿಕಿ ಯಾಕ? ಅಳಿಯಂದ್ರು ಫೋನಿನ್ಯಾಗ ಹೇಳ್ಯಾರ, ಐದು ತಿಂಗಳಂತ!"

ಸಾವಿತ್ರೆವ್ವ ಗಂಡನ ಕಡೆ ನೋಡಿದಳು. ಶಂಕರೆಪ್ಪ ಹೊಸ್ತಿಲ ಹೊರಗೆ ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿದ್ದ.

"ಶಂಕರೆಪ್ಪಾ, ಒಳಗ ಬರ್ರಿ. ಅಂಗಡಿ ಎಲ್ಲೂ ಓಡಿ ಹೋಗಂಗಿಲ್ಲ" ಎಂದರು ಶಾಂತಾಬಾಯಿ. ಅಕ್ಕೋರ ಧ್ವನಿಗೆ ಅವನು ಸಾಲಿ ಹುಡುಗನ ಹಾಗೆ ಬಂದು ಗೋಡೆಗೆ ಒರಗಿ ನಿಂತ.

ಸಾವಿತ್ರೆವ್ವನಿಗೆ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಳೆ ಗಲಗಲ ಎನ್ನುವ ಹಾಗೆ ನಕ್ಕಳು. ನಗುನಗುತ್ತಲೇ ಅಳು ಬಂತು, ಅಳುತ್ತಲೇ ಮಾತು ಬಂತು. "ಕೂಸಲ್ಲವಾ, ಗಡ್ಡಿ. ಎರಡು ವರ್ಷ ಆತು, ಮುಟ್ಟಾದ್ರ ರಕ್ತ ನಿಲ್ಲವಲ್ದು. ನಿನಗ ಹೇಳಲಿಲ್ಲ ನಾ."

ರಾಣಿಯ ಕೈಯಲ್ಲಿದ್ದ ಬಳೆ ಅಲ್ಲೇ ನಿಂತವು.

"ನಂದೂ ಹಿಂಗ ಹರೀತಿತ್ತು" ಎಂದಳು ಬಾಳವ್ವ. "ಯಾರಿಗೂ ಹೇಳಲಿಲ್ಲ. ಹೊಲದಾಗ ಎಚ್ಚರ ತಪ್ಪಿ ಬಿದ್ದೆ. ರಾಮದುರ್ಗಕ್ಕ ಒಯ್ದು ಚೀಲ ತಗಿಸಿದ್ರು. ಎದ್ದ ಮ್ಯಾಲ ನನಗ ಗೊತ್ತಾತು. ಜೀವ ಉಳೀತು, ಖರೆ. ಆದ್ರ ನನ್ನ ಯಾರೂ ಕೇಳಲಿಲ್ಲ."

ಕಣ್ಣೊರೆಸಿಕೊಂಡು ಮಗಳ ಬಲಗೈ ಎಳೆದುಕೊಂಡಳು. "ಈ ಕೈ ತಾ."

"ಯಾಕವಾ? ಕೂಸ ಇಲ್ಲಲ್ಲ."

"ಕೂಸಿಲ್ಲಂದ್ರ ನೀ ಇಲ್ಲೇನ? ತಂದ ಬುತ್ತಿ ನಾ ತಿರುಗಿ ಒಯ್ಯಾಕಿ ಅಲ್ಲ."

ಹೀಗೆ ಕೂಸಿಲ್ಲದ ಕುಬಸ ನಡೆದೇ ನಡೆಯಿತು. ರಾಣಿ ಬಳೆ ಇಡಿಸಿದಳು, ಬಾಳವ್ವ ಉಡಿ ತುಂಬಿದಳು, ಶಾಂತಾಬಾಯಿ ಆರತಿ ಎತ್ತಿ, ಸ್ವರ ತಪ್ಪಿದರೂ ಬಿಡದೆ ಒಂದು ಹಾಡು ಹಾಡಿದರು. ಓಣಿಯ ಹೆಂಗಸರು ಬಂದು ಕುಳಿತರು, ಎಲ್ಲರ ತಾಟಿಗೂ ಹೋಳಿಗೆ ಬಿತ್ತು. ಗಡ್ಡೆಯ ಸುದ್ದಿ ಕೇಳಿ ಇಬ್ಬರು ಸಾವಿತ್ರೆವ್ವನ ಹತ್ತಿರ ಜರುಗಿ, ತಮಗೂ ಹೀಗೇ ಹರಿಯುತ್ತದೆಂದು ಹೇಳಿ, ಆ ಡಾಕ್ಟರ ಹೆಸರು ಕೇಳಿಕೊಂಡರು. ಎರಡು ವರ್ಷ ಒಬ್ಬಳೇ ಹೊತ್ತದ್ದು ಒಂದು ಹೋಳಿಗೆ ತಿನ್ನುವಷ್ಟರಲ್ಲಿ ಹಗುರಾಗಿತ್ತು. ಸಾವಿತ್ರೆವ್ವನಿಗೆ ಬಹಳ ಸುಖವೆನಿಸಿತು.

ಇಂಥ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: ನಿನ್ನ ಬಯಕೆ ಏನು? ಒಂದು ಹೆಣ್ಣಿಗೆ ಏನು ಬೇಕು ಎಂದು ನಾಲ್ಕು ಜನ ಕೂಡಿ ಕೇಳುವುದು ಅವಳ ಇಡೀ ಬಾಳಿನಲ್ಲಿ ಆಗ ಮಾತ್ರ. ಆಗ ಅವಳು ಬಾಯಿಬಿಟ್ಟು ಹೇಳಿದ್ದನ್ನು ಗಂಡ ತೀರಿಸಬೇಕು. ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಂಬಿಕೆ.

ಬಾಳವ್ವ ಮಗಳ ಗದ್ದ ಹಿಡಿದು ಕೇಳಿದಳು. "ನಿನ್ನ ಬಯಕಿ ಏನವ್ವಾ? ಹೇಳು."

ಸಾವಿತ್ರೆವ್ವ ಈ ಸಲ ನುಂಗಲಿಲ್ಲ. "ಚೀಲ ಇರಲಿ. ಗಡ್ಡಿ ಅಷ್ಟ ತಗೀಲಿ. ಮತ್ತ ಬಂದ್ರ ಆವಾಗ ನೋಡೂಣು."

"ಅಲ್ಲಾ..." ಶಂಕರೆಪ್ಪ ಗೋಡೆ ಬಿಟ್ಟು ಮುಂದೆ ಬಂದ. ಅವನು ಕೆಟ್ಟವನಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. "ಇನ್ನ ಅದ ಯಾಕ ಬೇಕು ನಿನಗ?"

"ಹುಣಸಿಕಾಯಿ ಬೇಕಂದಾಕಿಗೆ ಯಾಕ ಬೇಕಂತ ಯಾರರ ಕೇಳತಾರೇನ್ರಿ?"

ಕುಳಿತ ಹೆಂಗಸರೆಲ್ಲ ಹೋ ಎಂದು ನಕ್ಕರು. ಶಂಕರೆಪ್ಪ ತಲೆ ಕೆರೆದುಕೊಂಡ, ಹೆಂಡತಿಯ ಮುಖ ನೋಡಿದ, ತಾನೂ ನಕ್ಕ. ಕಿಸೆಯಿಂದ ಫೋನು ತೆಗೆದು ಅಲ್ಲಿಯೇ ನಿಂತು ಹಚ್ಚಿದ.

"ಮೇಡಂ, ನಮಸ್ಕಾರ್ರಿ. ಅವತ್ತ ನಾ ಅಂದದ್ದು ಬಿಟ್ಟುಬಿಡ್ರಿ. ನಮ್ಮ ಮನಿಯಾಕಿ ಮಾತಾಡತಾಳ್ರಿ" ಎಂದು ಫೋನನ್ನು ಅವಳ ಕೈಗೆ ಕೊಟ್ಟ.