ಟರ್ಬೊ ಬೇಡ ಅಂದವರು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಲಾರಿ ಡ್ರೈವರ್, ತೀರಿಹೋದ ಮೆಕ್ಯಾನಿಕ್ ಮೇಸ್ತ್ರಿಯ ಉಗುರುಗಳನ್ನು ಉಜ್ಜುತ್ತಲೇ ಇದ್ದ. ಹೆಣಕ್ಕೆ ಸ್ನಾನವಾಗಿತ್ತು, ಒಗೆದ ಅಂಗಿ ತೊಡಿಸಿಯಾಗಿತ್ತು. ಉಗುರುಸಂದಿಯ ಗ್ರೀಸು ಮಾತ್ರ ಹೋಗುತ್ತಿರಲಿಲ್ಲ.

“ಬಿಡಪ್ಪಾ,” ಎಂದರು ಮೇಸ್ತ್ರಿಯ ಹೆಂಡತಿ. “ಮೂವತ್ತು ವರ್ಷ ಉಜ್ಜಿ ನಾನೇ ಸೋತಿದ್ದೀನಿ. ಹಾಗೇ ಹೋಗ್ಲಿ. ಇಲ್ದಿದ್ರೆ ಅಲ್ಲಿ ಯಾರೂ ಗುರುತು ಹಿಡಿಯಲ್ಲ.”

ಬಾಗಿಲಲ್ಲಿ ನಿಂತವರು ನಕ್ಕು, ತಕ್ಷಣ ತಲೆ ತಗ್ಗಿಸಿದರು. ಅವನಿಗೆ ನಗು ಬರಲಿಲ್ಲ. ಮೇಸ್ತ್ರಿಗೆ ತಾನಾಡಿದ ಕೊನೆಯ ಮಾತು ನೆನೆದು, ಬಟ್ಟೆಯನ್ನು ಮತ್ತೆ ಸೀಮೆಎಣ್ಣೆಗೆ ಅದ್ದಿದ.

*

ನಾಲ್ಕು ದಿನದ ಹಿಂದೆ, ಅವನ ಲಾರಿಯ ಇಂಜಿನ್ ಬಿಚ್ಚಿ ಹರವಿಕೊಂಡು ಮೇಸ್ತ್ರಿ ಕೂತಿದ್ದರು. ಪಿಸ್ಟನ್, ರಿಂಗು, ಬೇರಿಂಗು ಹೊಸದು ಹಾಕಿದರೆ ಸಾಕು ಎಂದರು. ಹೇಗೂ ಬಿಚ್ಚಿದ್ದಾಗಿದೆ, ಗಾಳಿ ಒತ್ತಿ ಇಂಜಿನ್ನಿಗೆ ಬಲ ಕೊಡುವ ಟರ್ಬೊ ದೊಡ್ಡದು ಕೂರಿಸಿಬಿಡಿ, ಏರಿನಲ್ಲಿ ಲಾರಿ ಏದುಸಿರು ಬಿಡುವುದು ತಪ್ಪುತ್ತದೆ ಎಂದು ಅವನು ಹಠ ಹಿಡಿದ.

“ಮುದಿ ಎತ್ತಿಗೆ ಕುದುರೆ ಓಟ ಕಲಿಸ್ಬೇಡ. ಶಕ್ತಿ ಜಾಸ್ತಿ ಆದ್ರೆ ಬಿಸಿನೂ ಜಾಸ್ತಿ. ಆ ಬಿಸಿ ಎಲ್ಲಿಗೆ ಹೋಗ್ಬೇಕು?”

“ನಿಮಗೆ ಹೊಸದು ಅಂದ್ರೆ ಭಯ, ಮೇಸ್ತ್ರಿ. ನಿಮ್ಮ ಕಾಲ ಮುಗೀತು.”

ಮೇಸ್ತ್ರಿ ಕೈಲಿದ್ದ ಪಿಸ್ಟನ್ ಒರೆಸಿ, ಸದ್ದಾಗದಂತೆ ಬಟ್ಟೆಯ ಮೇಲಿಟ್ಟರು. ಅವನು ದುಡುದುಡನೆ ಹೊರಟುಹೋದ.

*

ಮಣ್ಣು ಮಾಡಿ ಬಂದ ಮೇಲೆ ಅವನು ಮೇಸ್ತ್ರಿಯ ಹೆಂಡತಿಯ ಬಳಿ ಎಲ್ಲವನ್ನೂ ಹೇಳಿಕೊಂಡ.

“ಗೊತ್ತು, ಅವ್ರೇ ಹೇಳಿದ್ರು,” ಎಂದರು ಆಕೆ. “ಮಾರನೇ ದಿನ ಸ್ಪೇರ್ ಪಾರ್ಟ್ಸ್ ಅಂಗಡೀಲಿ ಕೂತು, ತಮ್ಮ ಅರ್ಧ ವಯಸ್ಸಿನವ್ರ ಹತ್ರ ಎಲ್ಲ ಕೇಳ್ಕೊಂಡ್ ಬಂದ್ರು. ‘ಅವನು ಹೇಳಿದ್ದು ಆಗೋ ಮಾತೇ ಕಣೇ. ಬಿಸಿ ಇಳಿಸೋ ರೇಡಿಯೇಟರ್ ದೊಡ್ಡದು ಹಾಕಿ, ಬ್ರೇಕೂ ಬದಲಾಯಿಸಿದ್ರೆ ತಡ್ಕೊಳ್ಳುತ್ತೆ. ನಂಗೇ ಗೊತ್ತಿರ್ಲಿಲ್ಲ’ ಅಂದ್ರು. ಅವ್ರ ಬಾಯಲ್ಲಿ ‘ಗೊತ್ತಿರ್ಲಿಲ್ಲ’ ಅನ್ನೋ ಮಾತು ನಾನು ಕೇಳಿದ್ದು ಅದೊಂದೇ ಸಲ.”

“ನಂಗೊಂದು ಫೋನ್ ಮಾಡ್ಬಹುದಿತ್ತಲ್ಲಕ್ಕಾ...”

“ಕೆಲಸ ಮುಗಿಸಿ ಹೇಳ್ತೀನಿ ಅಂದ್ರು. ಬಿಗುಮಾನ. ನಿನ್ನೆ ಮಧ್ಯಾಹ್ನ ನಿನ್ನ ಲಾರಿ ಹತ್ರಾನೇ ಎದೆ ಹಿಡ್ಕೊಂಡು ಕೂತವ್ರು ಏಳ್ಲಿಲ್ಲ.”

ಮೇಸ್ತ್ರಿಯ ಮಗಳು ಷೆಡ್ಡಿನ ಬಾಗಿಲು ತೆರೆದಳು. ಅಪ್ಪನ ಜೊತೆ ಹತ್ತು ವರ್ಷ ಸ್ಪ್ಯಾನರ್ ಹಿಡಿದವಳು. ಅತ್ತು ಅವಳ ಕಣ್ಣು ಊದಿಕೊಂಡಿತ್ತು.

“ಉಳಿದಿದ್ದು ನಾನು ಮುಗಿಸ್ತೀನಣ್ಣಾ. ಟರ್ಬೊ ದೊಡ್ಡದು ಕೂರಿಸ್ಲೋ, ಹಳೇದೇ ಇರ್ಲೋ? ನೀವೇ ಹೇಳಿ.”

ಅವನು ಲಾರಿಯ ಮುಂದೆ ಬಗ್ಗಿದ. ದೊಡ್ಡ ರೇಡಿಯೇಟರಿಗೆ ಜಾಗವಾಗಲೆಂದು ಮುಂಭಾಗದ ತಗಡನ್ನು ಅಗಲವಾಗಿ ಕತ್ತರಿಸಿದ್ದರು ಮೇಸ್ತ್ರಿ. ಹೊಸ ಅಂಚು ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತಲೂ ಅರ ಉಜ್ಜಿ ನುಣುಪು ಮಾಡಿಟ್ಟಿದ್ದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅವನು ಮೆಲ್ಲಗೆ ಬೆರಳಾಡಿಸಿದ. ಎಲ್ಲೂ ತರಚಲಿಲ್ಲ.